ರದ್ದು ಮಾಡಲೆಂದೇ ಬುಕ್ ಮಾಡಿದ ಹಡಗು

ಇಪ್ಪತ್ತಾರು ವರ್ಷಗಳಿಂದ ನಾನು ಜನರನ್ನು ಊರು ಬಿಡಿಸುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಗಾಬರಿಯಾಗಬೇಡಿ, ಟ್ರಾವೆಲ್ ಆಫೀಸಿನ ಕೆಲಸ. ಐದು ಅಂತಸ್ತಿನ ಹಳೆಯ ಕಟ್ಟಡದ ಮೂರನೆಯ ಮಹಡಿ. ಎಡಕ್ಕೆ ಹಲ್ಲಿನ ಡಾಕ್ಟರು, ಬಲಕ್ಕೆ ವಿಮೆಯವರು, ನಡುವೆ ನಾವು. ನಾವು ಎಂದರೆ ನಾನು ಮತ್ತು ಯಜಮಾನರು. ಯಜಮಾನರು ಬೆಳಿಗ್ಗೆ ಬಂದು ಪೇಪರ್ ಓದುತ್ತಾರೆ, ಮಧ್ಯಾಹ್ನ ಊಟಕ್ಕೆ ಹೋದರೆ ಸಂಜೆಯವರೆಗೂ ಪತ್ತೆ ಇರುವುದಿಲ್ಲ. ಹಾಗಾಗಿ ಆಫೀಸು ಎಂದರೆ ನಾನೇ. ಅದರಲ್ಲೂ ಕ್ರೂಸ್, ಅಂದರೆ ಹಡಗಿನ ವಿಹಾರ, ಪೂರ್ತಿ ನನ್ನದೇ ವಿಭಾಗ. ಯಾವ ಹಡಗಿನ ಎಷ್ಟನೇ ಅಂತಸ್ತಿನ ಯಾವ ಕೋಣೆಯ ಕಿಟಕಿಗೆ ಜೀವರಕ್ಷಕ ದೋಣಿ ಅಡ್ಡ ನಿಲ್ಲುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಾನು ಮಾತ್ರ ಇದುವರೆಗೆ ಹಡಗು ಹತ್ತಿಲ್ಲ. ಒಬ್ಬಳೇ ಹೋದರೂ ಇಬ್ಬರ ದುಡ್ಡು ತೆಗೆದುಕೊಳ್ಳುತ್ತಾರೆ. ಒಂಟಿಯಾಗಿರುವುದಕ್ಕೆ ದಂಡ ಕಟ್ಟು ಎನ್ನುವ ಈ ನ್ಯಾಯ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಇರಲಿ, ಹೇಳಹೊರಟಿದ್ದು ನನ್ನ ಕತೆಯಲ್ಲ. ನಮ್ಮ ಕಟ್ಟಡದ ಲಿಫ್ಟು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕಿನದು. ನಲವತ್ತರ ಆಸುಪಾಸಿನ ಮನುಷ್ಯ. ಎತ್ತರದ ಆಳು, ಲಿಫ್ಟಿನ ನೆತ್ತಿಯ ಮೇಲೆ ಬಗ್ಗಿ ಬಗ್ಗಿ ಕೆಲಸ ಮಾಡಿ ಬೆನ್ನು ಸ್ವಲ್ಪ ಬಾಗಿತ್ತು. ಪ್ರತಿ ತಿಂಗಳ ಮೊದಲ ಮಂಗಳವಾರ ಹತ್ತು ಗಂಟೆಗೆ ಬಂದು, ಐದು ಮಹಡಿಗೂ ಮೆಟ್ಟಿಲು ಹತ್ತಿ, ‘ಲಿಫ್ಟ್ ರಿಪೇರಿಯಲ್ಲಿದೆ’ ಎಂಬ ಹಳದಿ ಹಲಗೆಗಳನ್ನು ನಿಲ್ಲಿಸುತ್ತಿದ್ದರು. ಆಮೇಲೆ ಬಾಗಿಲಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುವರು. ಡಾಕ್ಟರು ನಾಡಿ ಹಿಡಿದ ಹಾಗೆ. ಕೈ ಇಟ್ಟಲ್ಲೇ ಯಾವ ಚಕ್ರ ಸವೆದಿದೆ ಎಂದು ಗೊತ್ತಾಗುತ್ತಿತ್ತಂತೆ. ಮಾತು ಬಹಳ ಕಮ್ಮಿ. ಕಟ್ಟಡದಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ, ಎಲ್ಲರೂ ಲಿಫ್ಟಿನವರು ಎನ್ನುತ್ತಿದ್ದರು.

ಆರು ಜನ ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ಹತ್ತೊಂಬತ್ತನೆಯ ವಯಸ್ಸಿಗೆ ಸ್ಪಾನರ್ ಹಿಡಿದು ಲಿಫ್ಟಿನ ಗುಂಡಿಗೆ ಇಳಿದವರು ಅಲ್ಲೇ ಉಳಿದರು. ಐವರು ಅಣ್ಣಂದಿರಿಗೂ ಮಕ್ಕಳು. ಹನ್ನೊಂದು ಜನ ಚಿಕ್ಕಪ್ಪ ಎಂದು ಕರೆಯುವವರಿದ್ದರು. ಅವರ ಸೈಕಲ್ಲು, ಗೊಂಬೆ, ರೈಲು ಏನು ಮುರಿದರೂ ಚಿಕ್ಕಪ್ಪನ ಮನೆಗೇ ಬರುತ್ತಿತ್ತು. ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ. ಇದೆಲ್ಲ ನನಗೆ ಒಂದೇ ಸಲಕ್ಕೆ ಗೊತ್ತಾದದ್ದಲ್ಲ. ಒಂದು ವರ್ಷದಲ್ಲಿ ತಿಂಗಳಿಗೆ ಇಷ್ಟಿಷ್ಟೇ ಗೊತ್ತಾಯಿತು.

ಶುರುವಾದದ್ದು ಒಂದು ಫೆಬ್ರವರಿಯಲ್ಲಿ. ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಮೊದಲ ಸಲ ನಮ್ಮ ಆಫೀಸಿನ ಒಳಗೆ ಬಂದರು. ಕುರ್ಚಿಗೆ ಗ್ರೀಸ್ ಹತ್ತೀತೆಂದು ನಿಂತೇ ಇದ್ದರು.

“ಮೇಡಂ, ಒಂದು ಹಡಗು ಬೇಕಿತ್ತು.”

“ಪೂರ್ತಿ ಹಡಗೇ ಬೇಕಾ, ಒಂದು ಕೋಣೆ ಸಾಕಾ?” ಎಂದೆ. ನನ್ನ ನಾಲಿಗೆ ಹಾಗೆಯೇ, ಸುಮ್ಮನಿರುವುದಿಲ್ಲ.

ಅವರು ನಗಲಿಲ್ಲ. “ಇಬ್ಬರಿಗೆ ಒಂದು ಕೋಣೆ. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ಅಂಥದ್ದು. ಆಮೇಲೆ ಇನ್ನೊಂದು ಮಾತು. ಬಸುರಿ ಹೆಂಗಸರನ್ನ ಹಡಗಿಗೆ ಹತ್ತಿಸಲ್ವಂತೆ, ನಿಜವಾ?”

“ಆರನೇ ತಿಂಗಳು ಹತ್ತಿರ ಬಂದವರನ್ನ ಹತ್ತಿಸಲ್ಲ. ಪ್ರಯಾಣ ಮುಗಿಯೋ ದಿನಕ್ಕೆ ಇಪ್ಪತ್ನಾಲ್ಕು ವಾರ ತುಂಬಿರಬಾರದು. ಅದು ಹಡಗಿನವರ ನಿಯಮ. ಯಾಕೆ, ನಿಮ್ಮ ಮನೆಯವರು ಈಗ...”

“ಇಲ್ಲ, ಇನ್ನೂ ಇಲ್ಲ. ಆಗಲಿ ಅಂತಾನೇ ಬುಕ್ ಮಾಡ್ತಿರೋದು.”

ನನಗೆ ತಲೆ ಬುಡ ತಿಳಿಯಲಿಲ್ಲ. ಬಲವಂತ ಮಾಡಿ ಕೂರಿಸಿದೆ. ಆ ಮನುಷ್ಯ ಅಷ್ಟು ಮಾತಾಡಿದ್ದು ನಾನು ಕಂಡಿದ್ದು ಅದೇ ಮೊದಲು.

“ನೋಡಿ ಮೇಡಂ, ಲಿಫ್ಟ್ ಕೆಟ್ಟಿದೆ ಅಂತ ಫೋನ್ ಮಾಡ್ತಾರೆ. ನಾನು ಬಂದು ಮುಂದೆ ನಿಂತ್ಕೊಂಡ್ರೆ ನೆಟ್ಟಗೆ ಓಡುತ್ತೆ. ಬ್ಯಾಗು ಹೆಗಲಿಗೆ ಹಾಕ್ಕೊಂಡು ಗೇಟು ದಾಟಿದ ತಕ್ಷಣ ನಿಲ್ಲುತ್ತೆ. ಕಾದು ಕೂತ್ರೆ ಯಾವುದೂ ಬರಲ್ಲ. ನನ್ನ ಎರಡನೇ ಅತ್ತಿಗೆ ಎಂಟು ವರ್ಷ ಕಾದ್ರು. ಇನ್ನಾಗಲ್ಲ ಅಂತ ಕೆಲಸಕ್ಕೆ ಸೇರಿದ್ರು, ಒಂದು ತಿಂಗಳು ಸಂಬಳ ತಗೊಂಡಿದ್ರೋ ಇಲ್ಲವೋ, ಬಸುರು ನಿಂತುಬಿಡ್ತು. ನಾವೂ ಅಂಥದ್ದೊಂದು ದೊಡ್ಡದು ಹಮ್ಮಿಕೋಬೇಕು. ಅದನ್ನ ಕೆಡಿಸೋಕಾದ್ರೂ ಬರುತ್ತೆ.”

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕಚ್ಚಿಕೊಂಡೆ. ಕುಲಾವಿ ಹೊಲಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೂಸು ಬಂದು ಹರಿದುಹಾಕಲಿ ಎಂದು ಬೇರೆ ಬಟ್ಟೆ ಹೊಲಿಸುವವರನ್ನು ನೋಡಿರಲಿಲ್ಲ.

“ಮನೆಯವರಿಗೆ ಗೊತ್ತಾ?”

“ಹಡಗಿಗೆ ಹೋಗೋಣ ಅಂತ ಹೇಳಿದ್ದೀನಿ. ರದ್ದು ಆಗ್ಲಿ ಅಂತ ಬುಕ್ ಮಾಡ್ತಿರೋದು ಹೇಳಿಲ್ಲ. ಹೇಳಿದ್ರೆ ಅದೂ ಕಾದು ಕೂತ ಹಾಗೇ ಆಗುತ್ತಲ್ಲ.”

ಕ್ಯಾಲೆಂಡರ್ ಮುಂದಿಟ್ಟುಕೊಂಡು ಇಬ್ಬರೂ ಕೂತೆವು. ನವೆಂಬರ್ ಹತ್ತಕ್ಕೆ ಹೊರಟು ಹದಿನೇಳಕ್ಕೆ ತಿರುಗಿ ಬರುವ ಹಡಗು. ವಾರಗಳನ್ನು ಹಿಂದಕ್ಕೆ ಎಣಿಸಿದರೆ, ಮೇ ತಿಂಗಳ ಒಳಗೆ ಬಸಿರು ನಿಂತರೆ ಹಡಗು ಹತ್ತುವ ಹಾಗಿಲ್ಲ, ರದ್ದು. ಆಮೇಲೆ ನಿಂತರೆ ಹಡಗಿನವರು ಬೇಡವೆನ್ನುವುದಿಲ್ಲ. “ಹಾಗಾದ್ರೆ ಮೇ ತನಕ ಟೈಮಿದೆ,” ಎಂದರು. ಪರೀಕ್ಷೆಯ ದಿನ ಗೊತ್ತಾದವರ ಹಾಗೆ ಅವರ ಮುಖದಲ್ಲಿ ಹೆದರಿಕೆ, ಉತ್ಸಾಹ ಎರಡೂ ಇತ್ತು. ಈ ಟಿಕೆಟ್ಟಿಗೆ ಎರಡು ಸಲ ತಾರೀಕು ಬದಲಿಸುವ ಅವಕಾಶವಿದೆ ಎಂದೂ ಹೇಳಿದೆ. ಬೇಕಾಗಲ್ಲ ಬಿಡಿ ಎಂದು ಎದ್ದುಹೋದರು.

ಮಾರ್ಚಿನ ಮೊದಲ ಮಂಗಳವಾರ ಕೆಲಸ ಮುಗಿಸಿ ಬಾಗಿಲಿಗೆ ಬಂದು ನಿಂತರು. “ಮೇಡಂ, ಹಡಗು ಇರಲಿ,” ಎಂದರು. ಅಷ್ಟೇ. ರದ್ದು ಮಾಡುವ ಕಾರಣ ಹುಟ್ಟಿಲ್ಲ ಎಂದು ಅರ್ಥ. “ಇರಲಿ ಬಿಡಿ, ಅದೇನು ಅನ್ನ ಕೇಳುತ್ತಾ,” ಎಂದೆ. ಅಷ್ಟಕ್ಕೆ ತುಟಿ ಸ್ವಲ್ಪ ಅಗಲಿಸಿ ಹೊರಟುಹೋದರು. ಏಪ್ರಿಲ್‌ನಲ್ಲಿ ಹಡಗು ಇರಲಿ. ಮೇನಲ್ಲಿ ಹಡಗು ಇರಲಿ. ಜೂನ್‌ನಲ್ಲಿ ಬಂದವರು ಒಳಗೆ ಬಂದು ಕೂತರು. ಈ ಸಲ ಗ್ರೀಸಿನ ಯೋಚನೆ ಇದ್ದ ಹಾಗೆ ಕಾಣಲಿಲ್ಲ.

“ತಾರೀಕು ಮುಂದಕ್ಕೆ ಹಾಕಿ ಮೇಡಂ. ಇನ್ನು ಏನಾದ್ರೂ ಆದ್ರೂ ಈ ಹಡಗಿಗೆ ಅಡ್ಡ ಬರಲ್ಲ.”

ಮಾರ್ಚಿಗೆ ಹಾಕಿದೆ. ಬುಕ್ ಮಾಡಿದವರೆಲ್ಲ ಹಡಗು ಬೇಗ ಬರಲಿ ಎನ್ನುತ್ತಾರೆ, ಈ ಮನುಷ್ಯ ಹಡಗನ್ನು ದೂರ ತಳ್ಳುತ್ತ ಕೂತಿದ್ದರು. ತುಂಬ ಹತ್ತಿರ ಬಂದರೆ ಹೋಗಿಯೇಬಿಡಬೇಕಾಗುತ್ತದಲ್ಲ. ಹೋಗುವುದೆಂದರೆ ಅವರ ಲೆಕ್ಕದಲ್ಲಿ ಸೋಲು. ಮನೆಯಲ್ಲಿ ಕೇಳಿದರೆ, ಹಡಗಿನ ಕಂಪನಿಯವರೇ ಮುಂದೂಡಿದ್ದಾರೆ ಎಂದು ಹೇಳುತ್ತೇನೆ ಅಂದರು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಆ ಒಂದು ವಾಕ್ಯವನ್ನು ನನ್ನ ಮುಂದೆ ಎರಡು ಸಲ ಹೇಳಿ ನೋಡಿಕೊಂಡರು.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡಬೇಕು. ಅಮ್ಮ ಹೋದಮೇಲೆ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ. ಆಫೀಸಿನಲ್ಲಿ ದಿನವಿಡೀ ಮಾತು, ಆದರೆ ಅದೆಲ್ಲ ಹಡಗಿನ, ವಿಮಾನದ ಮಾತು. ಇಡೀ ಊರಿನಲ್ಲಿ ಒಬ್ಬ ಮನುಷ್ಯ ಯಾರಿಗೂ ಹೇಳದ್ದನ್ನು ತಿಂಗಳಿಗೊಮ್ಮೆ ನನ್ನೊಬ್ಬಳಿಗೇ ಬಂದು ಹೇಳುತ್ತಾನೆ ಎನ್ನುವುದು ನನಗೆ ಒಳಗೊಳಗೇ ಜಂಬವಾಗಿತ್ತು. ಮೊದಲ ಮಂಗಳವಾರ ಬಂತೆಂದರೆ ಎರಡು ಕಪ್ಪು, ಒಂದು ಪೊಟ್ಟಣ ಬಿಸ್ಕತ್ತು ಸಿದ್ಧ ಇಟ್ಟಿರುತ್ತಿದ್ದೆ. ಅವರ ದುಃಖದ ದಿನಕ್ಕೆ ನಾನು ಕಾಯುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮಳೆಗಾಲ ಕಳೆಯುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವುದು ಹೋಗಿ ಹತ್ತು ನಿಮಿಷ ಕೂರುವುದು ರೂಢಿಯಾಯಿತು. ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡದೆ, ಗೋಡೆಯ ಮೇಲಿನ ಹಡಗಿನ ಚಿತ್ರ ನೋಡುತ್ತ ಮಾತಾಡುವರು. ಲಿಫ್ಟಿನ ನೆತ್ತಿಯ ಮೇಲೆ ಎರಡು ಮಹಡಿಗಳ ನಡುವೆ ಕೂತಾಗ ಬಾಗಿಲ ಹೊರಗೆ ಕಾಯುವವರ ಮಾತೆಲ್ಲ ಕೇಳಿಸುತ್ತದಂತೆ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂದು ಯಾರಿಗೂ ಹೊಳೆಯುವುದಿಲ್ಲ. “ಜನ ಮಕ್ಕಳ ಬಗ್ಗೆ ಎಷ್ಟು ಮಾತಾಡ್ತಾರೆ ಮೇಡಂ! ಹಲ್ಲು ಬಂತು, ಜ್ವರ ಬಂತು, ಮಾತು ಕೇಳಲ್ಲ, ಸ್ಕೂಲಿಗೆ ಹೋಗಲ್ಲ. ದಿನಕ್ಕೆ ನಾಲ್ಕು ಕಟ್ಟಡ, ನಾಲ್ಕರಲ್ಲೂ ಇದೇ. ಸ್ಪಾನರ್ ಕೈಯಲ್ಲಿ ಹಿಡ್ಕೊಂಡು ಕೇಳ್ತಾ ಕೂತಿರ್ತೀನಿ,” ಎಂದರು.

ಅಣ್ಣಂದಿರ ಮನೆಗೆ ಹೋದರೆ, ಏನಪ್ಪಾ, ಏನಾದ್ರೂ ವಿಶೇಷ ಉಂಟಾ ಎಂದು ಕೇಳುತ್ತಿದ್ದರಂತೆ. ಕೇಳಿದ ತಕ್ಷಣ ಇವರು ಹಡಗಿನ ಕತೆ ತೆಗೆಯುತ್ತಿದ್ದರು. ಎಷ್ಟು ಅಂತಸ್ತು, ಎಷ್ಟು ಈಜುಕೊಳ, ಹಡಗಿನೊಳಗೆ ಎಷ್ಟು ಲಿಫ್ಟು. ಹದಿನಾರು ಲಿಫ್ಟು ಇವೆ ಎಂದು ಹೇಳುವಾಗ ಮಾತ್ರ ನಿಜವಾಗಿಯೂ ಖುಷಿಯಾಗುತ್ತಿತ್ತಂತೆ. “ಮಕ್ಕಳಿಲ್ಲದವರಿಗೆ ಶೋಕಿ ಜಾಸ್ತಿ,” ಎಂದು ದೊಡ್ಡ ಅತ್ತಿಗೆ ಅಡುಗೆಮನೆಯಲ್ಲಿ ಅಂದಿದ್ದು ಇವರ ಕಿವಿಗೂ ಬಿತ್ತು. ಇವರು ಕೇಳಿಸದವರ ಹಾಗೆ ಕೂತು ಯಾರದೋ ಗೊಂಬೆಯ ಕೈ ಜೋಡಿಸಿ ಬಂದರು.

ಆಸ್ಪತ್ರೆಯ ವಿಷಯ ಹೇಳಿದ್ದು ಅಕ್ಟೋಬರ್‌ನಲ್ಲಿ, ಎರಡನೆಯ ಸಲ ತಾರೀಕು ಬದಲಿಸಲು ಬಂದಾಗ. ತೊಂದರೆ ಇರುವುದು ಇವರ ಕಡೆಯಂತೆ. ಹೆಂಡತಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಆದರೆ ಊರು ಬೈಯುವುದು ಹೆಂಡತಿಯನ್ನೇ. “ಒಂದು ಸಲಾನೂ ನಿಮ್ಮಿಂದ ಅಂತ ಅವಳು ಅಂದಿಲ್ಲ ಮೇಡಂ. ಅಂದಿದ್ರೆ ವಾಸಿಯಿತ್ತು,” ಎಂದರು.

“ನೀವು ಅವರ ಹತ್ರ ಕೂತು ಇದನ್ನೆಲ್ಲ ಮಾತಾಡಬಾರದಾ?” ಎಂದೆ.

“ತಿಂಗಳ ಆ ದಿನ ಬಂದ್ರೆ ಅವಳು ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಅಳ್ತಾಳೆ. ನಾನೂ ಅಳೋಕೆ ಕೂತ್ರೆ ಮನೆ ನಿಲ್ಲುತ್ತಾ? ಪಾತ್ರೆ ತೊಳೀತೀನಿ, ಬಟ್ಟೆ ಒಗೀತೀನಿ. ಯಾರಾದ್ರೂ ಒಬ್ಬರು ಗಟ್ಟಿಯಾಗಿರಬೇಕಲ್ಲ.”

ಎರಡನೆಯ ಬದಲಾವಣೆಯಲ್ಲಿ ಹಡಗನ್ನು ಜುಲೈಗೆ ತಳ್ಳಿದೆವು. ಇನ್ನು ತಳ್ಳಲು ಬರುವುದಿಲ್ಲ ಎಂದು ಹೇಳಿದೆ. ಈ ಸಲದ ಗಡುವು ಜನವರಿಯ ಕೊನೆ. ಜನವರಿಯ ಮೊದಲ ಮಂಗಳವಾರ ಬಂದು ಹಡಗು ಇರಲಿ ಎಂದವರು, ಬಾಗಿಲ ತನಕ ಹೋಗಿ ತಿರುಗಿದರು. “ಈ ತಿಂಗಳ ಕೊನೆಗೆ ಆಸ್ಪತ್ರೆಯಲ್ಲಿ ಮೂರನೇ ಸಲದ ಚಿಕಿತ್ಸೆ ಇದೆ. ಡಾಕ್ಟರು ಇದೇ ಕೊನೆ ಅಂದಿದ್ದಾರೆ. ಆಗುತ್ತೆ ಅನ್ಸುತ್ತೆ ಮೇಡಂ,” ಎಂದರು. ಆ ಮನುಷ್ಯನ ಬಾಯಿಂದ ಆಗುತ್ತೆ ಎಂಬ ಮಾತು ಬಂದದ್ದು ಅದೊಂದೇ ಸಲ.

ಫೆಬ್ರವರಿಯ ಮೊದಲ ಮಂಗಳವಾರ ಹಳದಿ ಹಲಗೆ ಹಿಡಿದು ಬಂದವನು ಬೇರೆ ಮೆಕ್ಯಾನಿಕ್, ದಪ್ಪ ಮೀಸೆಯವನು. ಅವರು ರಜೆಯೇ ಎಂದು ಕೇಳಿದೆ. “ಹೂಂ, ಮನೇಲೇನೋ ಅಂತೆ,” ಎಂದ. ಮಾರ್ಚಿನಲ್ಲೂ ಅವನೇ. “ಅವ್ರು ಈ ಕಡೆ ಕೆಲಸ ಬಿಟ್ಟು ಮನೆ ಹತ್ರದ ಕಟ್ಟಡಗಳಿಗೆ ಹಾಕಿಸ್ಕೊಂಡ್ರು ಮೇಡಂ. ಸಂಜೆ ಐದಾಯ್ತು ಅಂದ್ರೆ ಮನೆಗೆ ಓಡ್ತಾರೆ. ಮೊದಲು ಹಾಗಿರಲಿಲ್ಲ,” ಎಂದ.

ಮನೆ ಹತ್ತಿರದ ಕೆಲಸ, ಐದಕ್ಕೆ ಮನೆಗೆ ಓಟ. ಹಡಗು ಇರಲಿ ಎನ್ನಲು ಬಂದಿಲ್ಲ. ಇನ್ನೇನು ಬೇಕು? ನಾನು ಬೆರಳು ಮಡಚಿ ವಾರ ಎಣಿಸಿದೆ. ಜನವರಿಯ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂದು ಸುಮ್ಮನಿದ್ದಾರೆ ಎಂದುಕೊಂಡೆ. ಆ ದಿನ ಎರಡು ಕಪ್ಪು ಟೀಯನ್ನೂ ನಾನೇ ಕುಡಿದೆ, ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದ ನೀರು ಎಂದೇ ಅಂದುಕೊಂಡೆ. ಇನ್ನು ಅವರು ಬರುವುದಿಲ್ಲವಲ್ಲ ಎಂಬ ಸಂಕಟವೂ ಅದರಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಏಪ್ರಿಲ್ ಹೋಯಿತು, ಮೇ ಬಂತು. ಪೂರ್ತಿ ದುಡ್ಡು ವಾಪಸ್ ಬರುವಂತೆ ರದ್ದು ಮಾಡಲು ಇನ್ನು ನಾಲ್ಕೇ ದಿನ ಉಳಿಯಿತು. ಅವರ ಪತ್ತೆಯಿಲ್ಲ. ಖುಷಿಯಲ್ಲಿ ಮರೆತಿದ್ದಾರೆ, ನಾನಾದರೂ ನೆನಪಿಸಬೇಕು ಎಂದು ಫೋನ್ ಮಾಡಿದೆ. ಯಾವುದೋ ಲಿಫ್ಟಿನ ಗುಂಡಿಯಲ್ಲಿದ್ದರೋ ಏನೋ, ಸಿಗಲಿಲ್ಲ. ಅರ್ಜಿಯಲ್ಲಿ ಎರಡನೆಯ ನಂಬರ್ ಇತ್ತು. ಮಾಡಿದೆ. ಹೆಂಗಸಿನ ದನಿ.

“ಟ್ರಾವೆಲ್ ಆಫೀಸಿಂದ ಮಾತಾಡ್ತಿದ್ದೀನಿ...”

“ಓ, ಹಡಗಿನವರಾ! ಹೇಳಿ, ಹೇಳಿ!” ದನಿಯಲ್ಲಿ ಅಷ್ಟೊಂದು ಸಡಗರವಿತ್ತು. ನನಗಿದ್ದ ಎಳ್ಳಷ್ಟು ಅನುಮಾನವೂ ಹೋಯಿತು.

“ಮೊದಲು ಶುಭಾಶಯ ಅಮ್ಮಾ. ನನಗೆ ಯಾರೂ ಹೇಳಿಲ್ಲ, ನಾನೇ ಲೆಕ್ಕ ಹಾಕ್ಕೊಂಡೆ. ಶುಕ್ರವಾರದೊಳಗೆ ರದ್ದು ಮಾಡಿದ್ರೆ ಪೂರ್ತಿ ವಾಪಸ್ ಬರುತ್ತೆ. ಈ ಸ್ಥಿತೀಲಿ ನೀವು ಹಡಗು ಹತ್ತೋ ಹಾಗಿಲ್ಲವಲ್ಲ.”

“ಯಾವ ಸ್ಥಿತೀಲಿ?”

ಆಗಲಾದರೂ ಬಾಯಿ ಮುಚ್ಚಬೇಕಿತ್ತು. ಆಡಿದ ಮಾತು ಸಮರ್ಥಿಸಿಕೊಳ್ಳುವ ಚಟ ನನಗೆ. “ಅಲ್ಲ, ಮಗು ಆಗ್ಲಿ, ಹಡಗು ರದ್ದಾಗ್ಲಿ ಅಂತಾನೇ ಅಲ್ವಾ ನಿಮ್ಮವರು ಬುಕ್ ಮಾಡಿದ್ದು? ಎರಡು ಸಲ ಮುಂದಕ್ಕೆ ಹಾಕಿಸಿದ್ದೂ ಅದಕ್ಕೇ ಅಲ್ವಾ?” ಎಂದುಬಿಟ್ಟೆ.

ಆ ಕಡೆ ಗಾಜು ಉಜ್ಜುವ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು.

“ಬೆಳಿಗ್ಗೆ ಎಷ್ಟು ಗಂಟೆಗೆ ಆಫೀಸು ತೆಗೀತೀರಾ?” ಎಂದರು ಕೊನೆಗೆ.

ಮಾರನೆಯ ಬೆಳಿಗ್ಗೆ ನಾನು ಬೀಗ ತೆಗೆಯುವಾಗಲೇ ಬಾಗಿಲಲ್ಲಿ ನಿಂತಿದ್ದರು. ಗುಂಡುಮುಖದ, ಸಣ್ಣ ಆಳು. ಕಣ್ಣು ಊದಿತ್ತು. ಕೂದಲು ಒದ್ದೆಯಿತ್ತು, ಈಜುಕೊಳದಿಂದ ನೇರ ಬಂದಿದ್ದರು.

“ನಾನು ಈಜು ಕಲೀತಿದ್ದೀನಿ,” ಎಂದು ಅಲ್ಲಿಂದಲೇ ಶುರುಮಾಡಿದರು. “ಮೂವತ್ತೆಂಟನೇ ವಯಸ್ಸಿಗೆ. ಹಡಗಿಗೆ ಹೋಗ್ತೀವಲ್ಲ ಅಂತ. ಮೂರನೇ ಸಲಾನೂ ಆಗಲಿಲ್ಲ ಅಂತ ಫೆಬ್ರವರೀಲಿ ಗೊತ್ತಾಯ್ತು. ಸಾಕು, ನನ್ನ ಕೈಲಿ ಇನ್ನಾಗಲ್ಲ, ನಿಲ್ಸೋಣ ಅಂದೆ. ಇವರು ಆಯ್ತು ಅಂದ್ರು. ಹಡಗಿಗೆ ಹೋಗೋಣ ಅಂದೆ. ಅದಕ್ಕೂ ಆಯ್ತು ಅಂದ್ರು. ಆರು ವರ್ಷದಿಂದ ಮುಂದಿನ ತಿಂಗಳು ಅಂದ್ರೆ ನನಗೆ ಒಂದೇ ಅರ್ಥ ಇತ್ತು ಮೇಡಂ. ಈಗ ಮೊದಲನೇ ಸಲ ಮುಂದಿನ ತಿಂಗಳು ಅಂದಾಗ ಬೇರೆ ಏನೋ ಕಣ್ಣಿಗೆ ಬರ್ತಿತ್ತು. ಸಮುದ್ರ ಬರ್ತಿತ್ತು. ನೀವು ನಿನ್ನೆ ಅದನ್ನೂ ಕಿತ್ಕೊಂಡ್ರಿ.”

“ತಪ್ಪಾಯ್ತಮ್ಮಾ,” ಎಂದೆ. ಒಳಗೆ ಕರೆದು ಮೂಲೆಯ ಕುರ್ಚಿಯಲ್ಲಿ ಕೂರಿಸಿದೆ.

“ಇವರು ಇಲ್ಲಿ ಎಷ್ಟು ಸಲ ಬಂದಿದ್ರು?”

“ಬುಕ್ ಮಾಡಿದ ಮೇಲೆ ಪ್ರತಿ ತಿಂಗಳೂ. ಹನ್ನೊಂದು ಸಲ.”

“ಬಂದು ಏನು ಹೇಳ್ತಿದ್ರು?”

ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತಡವರಿಸಿದೆ. ಆಮೇಲೆ, ಕೆಡಿಸುವಷ್ಟು ಕೆಡಿಸಿಯಾಗಿದೆ, ಇನ್ನು ಮುಚ್ಚಿಟ್ಟರೆ ಅದು ಇನ್ನೂ ದೊಡ್ಡ ಪಾಪ ಎಂದುಕೊಂಡು ಸ್ವಲ್ಪ ಹೇಳಿದೆ. ಬಾಗಿಲ ಹೊರಗಿನ ಮಾತು ಕೇಳುತ್ತ ಸ್ಪಾನರ್ ಹಿಡಿದು ಕೂರುವುದು, ನಿಮ್ಮಿಂದ ಅಂತ ಅವಳು ಅಂದಿದ್ದರೆ ವಾಸಿಯಿತ್ತು ಎಂದದ್ದು. ಅಷ್ಟಕ್ಕೇ ಅವರು ಕೈ ಎತ್ತಿ ನಿಲ್ಲಿಸಿದರು.

“ನಾನು ಬಚ್ಚಲಲ್ಲಿ ಕೂತು ಅಳ್ತಿದ್ರೆ ಈ ಕಡೆ ಪಾತ್ರೆ ತೊಳೆಯೋ ಸದ್ದು ಕೇಳ್ತಿತ್ತು. ಈ ಮನುಷ್ಯನಿಗೆ ಏನೂ ಅನ್ಸೋದೇ ಇಲ್ವಾ, ಮಗು ಬೇಕು ಅಂತ ಇರೋದು ನನಗೊಬ್ಬಳಿಗೇನಾ ಅಂತ ಆರು ವರ್ಷ ಅಂದ್ಕೊಂಡಿದ್ದೀನಿ. ಅದಕ್ಕೇ ನಿಲ್ಸೋಣ ಅಂದಿದ್ದು ಮೇಡಂ. ಒಬ್ಬಳೇ ಎಷ್ಟು ದಿನ ಆಸೆ ಪಡೋದು?” ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. “ನಿಮಗೆ ಹೇಳಿದ್ರು. ನನಗೆ ಹೇಳಲಿಲ್ಲ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ವರ್ಷವಿಡೀ ನಾನು ಜಂಬದಿಂದ ಇಟ್ಟುಕೊಂಡಿದ್ದದ್ದು ಈ ಹೆಂಗಸಿನ ಪಾಲಿನದು ಎಂದು ಆ ಕ್ಷಣ ನನಗೆ ಸ್ಪಷ್ಟವಾಗಿ ತಿಳಿಯಿತು.

“ಹಡಗು ರದ್ದು ಮಾಡಲಾ?” ಎಂದು ಕೇಳಿದೆ.

“ಬೇಡ. ಅವರನ್ನ ಕರೆಸಿ. ನಾನಿದ್ದೀನಿ ಅಂತ ಹೇಳಬೇಡಿ.”

ಕರೆಸಲು ಸುಳ್ಳು ಹುಡುಕಬೇಕಾಗಲಿಲ್ಲ. ಪ್ರಯಾಣಕ್ಕೆ ಅರವತ್ತು ದಿನ ಮುಂಚೆ ಬುಕ್ ಮಾಡಿದವರು ಆರೋಗ್ಯದ ಹೇಳಿಕೆಗೆ ಸಹಿ ಹಾಕಬೇಕು. ಈ ಸಲ ಫೋನ್ ಸಿಕ್ಕಿತು. ಅರ್ಧ ಗಂಟೆಯಲ್ಲಿ ಬಂದರು. ನಾಲ್ಕು ತಿಂಗಳಲ್ಲಿ ಸೊರಗಿಹೋಗಿದ್ದರು. “ಕ್ಷಮಿಸಿ ಮೇಡಂ, ಈ ಕಡೆ ಬರೋಕೆ ಮುಖ ಇರಲಿಲ್ಲ. ಆಗುತ್ತೆ ಅಂತ ಬೇರೆ ಹೇಳಿಬಿಟ್ಟಿದ್ದೆ...” ಎನ್ನುತ್ತ ಒಳಗೆ ಬಂದವರು, ಮೂಲೆಯ ಕುರ್ಚಿಯಲ್ಲಿ ಹೆಂಡತಿಯನ್ನು ಕಂಡು ಅಲ್ಲೇ ನಿಂತರು.

“ಕೂತ್ಕೊಳ್ಳಿ,” ಎಂದರು ಹೆಂಡತಿ. “ಮೊದಲು ಸಹಿ ಹಾಕಿ.”

ಮೇಜಿನ ಮೇಲೆ ಕಾಗದ ಇಟ್ಟೆ. ನಾಲ್ಕು ಪ್ರಶ್ನೆ. ಜ್ವರ ಇದೆಯೇ, ಹೃದಯದ ತೊಂದರೆ ಇದೆಯೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ. ಮೂರಕ್ಕೂ ಸರಸರನೆ ಇಲ್ಲ ಎಂದು ಬರೆದರು. ನಾಲ್ಕನೆಯದು: ಪ್ರಯಾಣಿಕರಲ್ಲಿ ಯಾರಾದರೂ ಗರ್ಭಿಣಿಯರಿದ್ದಾರೆಯೇ? ಬೇರೆ ಗಿರಾಕಿಗಳಾದರೆ ಅದನ್ನು ಓದುವುದೂ ಇಲ್ಲ. ಎಷ್ಟೋ ಸಲ ನಾನೇ ತುಂಬಿ ಕೊಟ್ಟಿದ್ದೇನೆ. ಇವತ್ತೂ ತುಂಬಿ ಇಟ್ಟಿರಬಹುದಿತ್ತು, ನನಗೆ ಹೊಳೆಯಲೇ ಇಲ್ಲ. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

“ಇದನ್ನ ನಾನೇ ಬರೀಬೇಕಾ?” ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ಕೊಡಿ, ನಾನು ಬರೆಯುತ್ತೇನೆ ಎಂದು ನಾನು ಕೈ ಚಾಚಿದೆ. ಹೆಂಡತಿ ಎದ್ದು ಬಂದು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡು ಕೂತರು.

“ಬರೀರಿ,” ಎಂದರು. “ನಿಧಾನಕ್ಕೆ ಬರೀರಿ. ನಾನಿಲ್ಲೇ ಇದ್ದೀನಿ.”

ಅವರು ಬರೆದರು. ಮೂರನ್ನು ಬರೆದ ಕೈ ಇದನ್ನು ಬರೆಯುವಾಗ ಅಕ್ಷರ ಕಲಿಯುವವನ ಕೈಯಂತೆ ಒಂದೊಂದೇ ಗೆರೆ ಎಳೆಯಿತು. ಬರೆದು ಪೆನ್ನು ಕೆಳಗಿಟ್ಟು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಗಂಟಲಿನಿಂದ ಬಂದ ಸದ್ದು ಅಳುವೆಂದು ನನಗೆ ಮೊದಲು ಗೊತ್ತೇ ಆಗಲಿಲ್ಲ. ಹನ್ನೊಂದು ತಿಂಗಳು ನನ್ನ ಮುಂದೆ ಕೂತಿದ್ದರೂ ನನ್ನೆದುರು ಅವರು ಅತ್ತಿರಲಿಲ್ಲ.

ಹೆಂಡತಿ ಅವರ ಬಾಗಿದ ಬೆನ್ನಿನ ಮೇಲೆ ಕೈ ಇಟ್ಟರು. ಸಮಾಧಾನ ಮಾಡಲಿಲ್ಲ, ಅಳಬೇಡಿ ಎನ್ನಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಇವರಿಗೆ ಹೇಳಿದ್ದೆಲ್ಲ ನನಗೆ ಹೇಳಿ. ಮೊದಲಿಂದ ಹೇಳಿ,” ಎಂದರು.

ನಾನು ಮೆಲ್ಲನೆ ಎದ್ದು ಹೊರಟೆ. ನನ್ನ ಬೆನ್ನ ಹಿಂದೆ ಅವರು ಮೂಗು ಒರೆಸಿಕೊಂಡು, ಒಡೆದ ದನಿಯಲ್ಲಿ, “ಲಿಫ್ಟ್ ಕೆಟ್ಟಿದೆ ಅಂತ ಫೋನ್ ಮಾಡ್ತಾರಲ್ಲ...” ಎಂದು ಶುರುಮಾಡಿದರು. ಮುಂದಿನದು ನನಗೆ ಬಾಯಿಪಾಠ. ಆದರೂ ಹೊರಗೆ ಬಂದು, ಒಂದಕ್ಷರವೂ ಕೇಳಿಸದ ಹಾಗೆ ಬಾಗಿಲು ಮುಚ್ಚಿದೆ.